ಮನೆಯ ವಿಜ್ಞಾನ: ಗಾಜಿನ ಹಿಂದಣ ಕಣ್ಣು



ಈಚೆಗೆ ನಾವು ಸಕುಟುಂಬರಾಗಿ ಹಳೇಬೀಡಿನ ಸಮೀಪದ ಹುಲಿಕೆರೆಗೆ ಹೋಗಿದ್ದೆವು. ಹೊಯ್ಸಳರ ಕಾಲದ ಆ ಕೊಳದ ಮೆಟ್ಟಿಲುಗಳ ಮೇಲೆ, ಪುಟ್ಟ ಗುಡಿಗಳನ್ನು ನೋಡುತ್ತ ಕುಳಿತಿರುವಾಗ, ಮೊಮ್ಮಗಳು ತನ್ನ ಮೊಬೈಲನ್ನು ಅಜ್ಜಿಯ ಮುಂದೆ ಹಿಡಿದಳು. ಪರದೇಶದಲ್ಲಿರುವ ನಮ್ಮ ಕಿರಿಯ ಮಗನ ಮುಖವು ಅದರಲ್ಲಿ ಮೂಡಿತು. ಮಾತು ಮುಗಿದ ಬಳಿಕ ನಮ್ಮ ಮನೆಯಾಕೆ ನಿಟ್ಟುಸಿರಿಟ್ಟು, "ಇಷ್ಟು ದಿನ ಮಾತನಾಡಿದರೂ ಅವನು ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದ್ದೇ ಇಲ್ಲ" ಎಂದಳು.

"ಚಿಕ್ಕಪ್ಪ ನೋಡುವುದು ನಿನ್ನ ಮುಖವನ್ನೇ, ಅಜ್ಜಿ. ಅವರ ಮೊಬೈಲಿನ ಕ್ಯಾಮೆರಾ ಇರುವುದು ಮೇಲಿನ ಅಂಚಿನಲ್ಲಿ. ಆದುದರಿಂದ ಕೆಳಗೆ ನೋಡಿದಂತೆ ಕಾಣುತ್ತದೆ."

"ನಿನ್ನದರಲ್ಲಿ ಕಣ್ಣೇ ಕಾಣೆನಲ್ಲ?"

"ಅದು ಗಾಜಿನ ಹಿಂದೆ ಅಡಗಿದೆ."

"ಅಡಗಿ ನೋಡುವ ಕಣ್ಣು ಮನೆಯೊಳಗೇಕೆ, ಮಗು?"

ಈ ಪ್ರಶ್ನೆಯು ಸಣ್ಣದಲ್ಲ. ಆದಕಾರಣ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

ಮರುದಿನ ಬೇಲೂರಿನಲ್ಲಿ ನಮಗೊಂದು ದೃಷ್ಟಾಂತವು ದೊರೆಯಿತು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ನವರಂಗವು ಮೊದಲು ತೆರೆದಿದ್ದಿತು. ಕಂಬಗಳ ನಡುವೆ ಜಾಲಂಧ್ರಗಳನ್ನು ನಿಲ್ಲಿಸಿದ್ದು ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಹೊರಗಿನವರಿಗೆ ಅಲ್ಲಿ ಚಿತ್ತಾರವು ಕಾಣುವುದು. ಒಳಗಿನವರಿಗೆ ರಂಧ್ರಗಳಿಂದ ಬೆಳಕು ಬರುವುದು. ಕಲ್ಲು ಹೆಚ್ಚಾದರೆ ಒಳಗೆ ಕತ್ತಲೆ. ರಂಧ್ರ ಹೆಚ್ಚಾದರೆ ಚಿತ್ತಾರಕ್ಕೆ ಎಡೆಯಿಲ್ಲ. ಮೊಬೈಲಿನ ಶಿಲ್ಪಿಗಳಿಗೂ ಇದೇ ಇಕ್ಕಟ್ಟು.

ಮೊಬೈಲಿನ ತೆರೆಯು ಪಿಕ್ಸೆಲ್ ಎಂಬ ಅತಿ ಸೂಕ್ಷ್ಮವಾದ ಚುಕ್ಕೆಗಳಿಂದಾದುದು. ಒಎಲ್‌ಇಡಿ ಎಂಬ ಬಗೆಯ ತೆರೆಯಲ್ಲಿ ಕೆಂಪು, ಹಸುರು, ನೀಲಿಯ ಈ ಚುಕ್ಕೆಗಳು ತಾವೇ ಬೆಳಗುವುವು. ಹಿಂದೆ ಬೇರೆ ದೀಪ ಬೇಕಿಲ್ಲ. ಆದಕಾರಣ ಅವುಗಳ ಹಿಂದೆ ಕ್ಯಾಮೆರಾವನ್ನು ಇಡಬಹುದು. ಆ ಜಾಗದಲ್ಲಿ ಚುಕ್ಕೆಗಳನ್ನು ವಿರಳಗೊಳಿಸಿಯೋ ಕಿರಿದುಗೊಳಿಸಿಯೋ, ಅವುಗಳನ್ನು ನಡೆಸುವ ತಂತುಗಳನ್ನು ಬೆಳಕು ಹಾಯುವ ವಸ್ತುವಿನಿಂದ ಮಾಡಿಯೋ ದಾರಿ ಬಿಡುವರು. ಚಿತ್ರ ತೆಗೆಯುವಾಗ ಅಲ್ಲಿನ ಚುಕ್ಕೆಗಳು ಆರಿರುವುವು. ಉಳಿದ ವೇಳೆ ತೆರೆಯ ಭಾಗವಾಗಿ ಬೆಳಗುವುವು.

ಇದಕ್ಕೆ ತೆರಬೇಕಾದ ಬೆಲೆಯುಂಟು. ಚುಕ್ಕೆ ವಿರಳವಾದೆಡೆ ತೆರೆಯು ಬಲೆಯಂತೆ ಒರಟಾಗಿ ಕಾಣಬಹುದು. ಒಳಹೊಗುವ ಬೆಳಕು ಕಡಮೆ. ಹೊಕ್ಕ ಬೆಳಕಾದರೂ ಕಿರಿದಾದ ಸಂದುಗಳಲ್ಲಿ ಹಾಯುವಾಗ ಬಾಗಿ ಹರಡುವುದು. ಇದನ್ನು ವಿವರ್ತನೆ ಎನ್ನುವರು. ಜಾಲಂಧ್ರದ ರಂಧ್ರಗಳು ದೊಡ್ಡವಾದುದರಿಂದ ಅಲ್ಲಿ ಇದು ಕಣ್ಣಿಗೆ ಬೀಳದು. ಮನೆಯಲ್ಲಿಯೇ ನೋಡಬೇಕೆನ್ನುವವರು ರಾತ್ರಿ ಕೊಡೆಯನ್ನು ಬಿಚ್ಚಿ, ಅದರ ಬಟ್ಟೆಯ ಮೂಲಕ ದೂರದ ಬೀದಿದೀಪವನ್ನು ನೋಡತಕ್ಕದ್ದು. ಒಂದು ದೀಪವು ಅಡ್ಡಕ್ಕೂ ಉದ್ದಕ್ಕೂ ಹರಡಿ ಹಲವಾಗಿ ತೋರುವುದು. ಗಾಜಿನ ಹಿಂದಣ ಕಣ್ಣಿಗೂ ಲೋಕವು ಹೀಗೆಯೇ ಮಸುಕಾಗಿ ಕಾಣುವುದು. ಆ ಮಸುಕನ್ನು ಗಣಕದ ಲೆಕ್ಕಾಚಾರದಿಂದ ತಕ್ಕಮಟ್ಟಿಗೆ ತಿದ್ದುವರು.

ಇಂತಹ ಮೊಬೈಲು ಮೊದಲು ಮಾರಾಟಕ್ಕೆ ಬಂದುದು 2020ರಲ್ಲಿ, ಚೀನದ ಜೆಡ್‌ಟಿಇ ಕಂಪನಿಯಿಂದ. 2021ರಲ್ಲಿ ಸ್ಯಾಮ್‌ಸಂಗ್ ಕಂಪನಿಯು ತನ್ನ ಮಡಿಸುವ ಮೊಬೈಲಿನ ಒಳತೆರೆಯಲ್ಲಿ ಇದನ್ನಿಟ್ಟಿತು. 2025ರ ಮಾದರಿಯಲ್ಲಿ ಮರಳಿ ಕಾಣುವ ರಂಧ್ರಕ್ಕೇ ಬಂದಿತು. ತೆರೆಯ ನಡುವೆ, ಎದುರಿನವರ ಮುಖ ಮೂಡುವಲ್ಲಿಯೇ ಕ್ಯಾಮೆರಾವನ್ನು ಇಡುವಂತಾದರೆ ತಾಯಿಮಕ್ಕಳ ದೃಷ್ಟಿ ಕೂಡಬಹುದು. ಈ ವಿದ್ಯೆಯ ದೊಡ್ಡ ಆಸೆ ಅದೇ. ಆದರೆ ಈವರೆಗಿನ ಮೊಬೈಲುಗಳಲ್ಲಿ ಅದು ಹೆಚ್ಚಾಗಿ ಮೇಲಂಚಿನ ಬಳಿಯೇ ಉಳಿದಿದೆ.

ಇನ್ನು ಮನೆಯಾಕೆಯ ಸಂದೇಹ. ಕಾಣುವ ಕ್ಯಾಮೆರಾಕ್ಕೆ ಕಾಗದದ ಚೂರು ಅಂಟಿಸಬಹುದು. ಕಾಣದುದಕ್ಕೆ ಎಲ್ಲಿ ಅಂಟಿಸುವುದು? ಕಣ್ಣು ಅಡಗಿರಬಹುದು, ಅದು ನೋಡುತ್ತಿರುವ ಸಂಗತಿ ಅಡಗಿರಬಾರದು. ಐಫೋನುಗಳಲ್ಲಿ 2020ರಿಂದಲೂ, ಆಂಡ್ರಾಯ್ಡ್ ಮೊಬೈಲುಗಳಲ್ಲಿ 2021ರ ಹನ್ನೆರಡನೆಯ ಆವೃತ್ತಿಯಿಂದಲೂ, ಕ್ಯಾಮೆರಾ ನಡೆಯುತ್ತಿರುವಾಗ ಮೇಲ್ಗಡೆ ಹಸುರು ಗುರುತು ಕಾಣುವ ಏರ್ಪಾಡುಂಟು. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ತೋರಿಸಿಕೊಡತಕ್ಕದ್ದು. ಕರೆಯಿಲ್ಲದೆ, ಚಿತ್ರ ತೆಗೆಯದೆ ಆ ಗುರುತು ಕಂಡರೆ, ಯಾವ ಆ್ಯಪ್‌ಗೆ ಕ್ಯಾಮೆರಾದ ಅನುಮತಿಯಿದೆಯೆಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ, ಬೇಡದುದನ್ನು ತೆಗೆದುಹಾಕಬೇಕು. ಮಲಗುವ, ಬಟ್ಟೆ ಬದಲಿಸುವ ಕೋಣೆಗಳಲ್ಲಿ ಮೊಬೈಲನ್ನು ಬೋರಲಾಗಿಡುವುದು ಸಾಲದು, ಬೆನ್ನಿಗೂ ಕಣ್ಣುಂಟು. ಹೊರಗಿಡುವುದೇ ಲೇಸು.

ಮುಂದಿನ ಭಾನುವಾರ ಮಗನ ಕರೆ ಬಂದಾಗ ನಮ್ಮ ಮನೆಯಾಕೆ ಹೊಸ ಯಂತ್ರಕ್ಕಾಗಿ ಕಾಯಲಿಲ್ಲ. "ಒಂದು ಗಳಿಗೆ ಆ ಮೇಲಿನ ಕರಿಯ ಚುಕ್ಕೆಯನ್ನು ನೋಡಪ್ಪಾ" ಎಂದಳು. ನೋಡಿದನು. ಆ ಗಳಿಗೆಯಲ್ಲಿ ಅವನಿಗೆ ತಾಯಿಯ ಮುಖವು ಸರಿಯಾಗಿ ಕಂಡಿರಲಾರದು. ತಾಯಿಗೆ ಮಾತ್ರ ಮಗನ ದೃಷ್ಟಿ ದೊರೆಯಿತು.