ಹಾಲಿ ಸಿಕ್ಕಾ ಕಲಿಸುವ ಪಾಠ

ಸುತ್ತಲೂ ಬ್ರಿಟಿಷರ ಕಲ್ದಾರ, ನಡುವೆ ನಿಜಾಮರ ಹಾಲಿ ಸಿಕ್ಕಾ! ನಾಣ್ಯದ ಮಟ್ಟಿಗೆ ಹೈದರಾಬಾದ್ ಸಂಸ್ಥಾನವು ಒಂದು ದ್ವೀಪವೇ ಆಗಿದ್ದಿತು. ನಮ್ಮ ಹಿರೇಕೊಟ್ನೆಕಲ್ ಅದರ ದಕ್ಷಿಣದ ಅಂಚಿಗಿದ್ದ ಊರು. ತುಂಗಭದ್ರೆಯನ್ನು ದಾಟಿ ಬಳ್ಳಾರಿ ಸೀಮೆಯಲ್ಲಿ ವ್ಯಾಪಾರ ಮಾಡುವವನಿಗೆ ಸುಮಾರು 7 ಹಾಲಿ ರೂಪಾಯಿಗೆ 6 ಕಲ್ದಾರದ ಲೆಕ್ಕ. ಲೆಕ್ಕ ಬಾರದವನು ಯಾರನ್ನು ನಂಬಬೇಕು?

1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕು ಸ್ಥಾಪನೆಯಾಯಿತು. 1956ರಲ್ಲಿ ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1959ರಲ್ಲಿ ಹಾಲಿ ಸಿಕ್ಕಾದ ಚಲಾವಣೆ ನಿಂತಿತು. 2017ರಲ್ಲಿ ಆ ಬ್ಯಾಂಕೂ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.

ನಾಣ್ಯ ಒಂದಾಯಿತು, ನಿಜ. ಆದರೆ ನಮ್ಮ ಅಜ್ಜಿ ಇಂದಿಗೂ ಪಾಸುಬುಕ್ಕನ್ನು ನನ್ನ ಕೈಗಿತ್ತು, “ಎಷ್ಟೈತಿ ನೋಡಪ್ಪಾ” ಎನ್ನುತ್ತಾಳೆ. ಮಿತ್ರರೇ, ಮನೆಗೆ ಮೊದಲ ಪದವೀಧರರಾಗುವ ನಾವು, ರಜೆಯಲ್ಲಿ ಊರಿನ ಹತ್ತು ಜನಕ್ಕಾದರೂ ತಮ್ಮ ಲೆಕ್ಕವನ್ನು ತಾವೇ ಓದುವುದನ್ನು ಕಲಿಸಬಾರದೇಕೆ?