ಲಗಾಮಿಲ್ಲದ ಬಂಡಿ

ಕ್ರೀಡೆಯೆಂದೊಡನೆ ಬಾಹುಬಲವನ್ನು ನೆನೆಯುವುದು, ಸ್ಪರ್ಧೆಯೆಂದೊಡನೆ ಪದಕವನ್ನು ಎಣಿಸುವುದು ಲೋಕರೂಢಿ. ಈ ಎರಡು ಅಳತೆಗೋಲುಗಳೂ ಎಷ್ಟು ಮೊಟಕಾದವೆಂಬುದಕ್ಕೆ ಹಿಮನಾಡಿನ ಅಧ್ಯಾಪಕಿಯೊಬ್ಬರ ಬಾಳೇ ನಿದರ್ಶನ.

1932ರ ಫೆಬ್ರವರಿಯಲ್ಲಿ ಅಮೆರಿಕದ ಲೇಕ್ ಪ್ಲ್ಯಾಸಿಡ್‌ನಲ್ಲಿ ಚಳಿಗಾಲದ ಒಲಿಂಪಿಕ್ ಕೂಟ ಜರುಗಿತು. ಅಲ್ಲಿ ನಾಯಿಗಳು ಎಳೆಯುವ ಹಿಮಬಂಡಿಗಳ ಓಟವೂ ಪ್ರದರ್ಶನ ಸ್ಪರ್ಧೆಯಾಗಿ ನಡೆಯಿತು. ಎರಡು ದಿನಗಳ ಓಟ. ದಿನಕ್ಕೆ ಸುಮಾರು 25 ಮೈಲಿ. ಕೆನಡಾದ ಎಮಿಲ್ ಸೇಂಟ್ ಗೊದಾರ್ ಪ್ರಥಮರಾದರು. 1925ರಲ್ಲಿ ಅಲಾಸ್ಕದ ನೋಮ್ ಪಟ್ಟಣಕ್ಕೆ ಗಂಟಲಮಾರಿಯ ಔಷಧವನ್ನು ಸಾಗಿಸಿದವರಲ್ಲಿ ಪ್ರಖ್ಯಾತರಾದ ಲಿಯೊನಾರ್ಡ್ ಸೆಪ್ಪಾಲ ದ್ವಿತೀಯರು. ಇಂತಹ ಧೀರರ ಸಾಲಿನಲ್ಲಿ ನಿಂತ ಏಕೈಕ ಮಹಿಳೆ ಈವಾ ಸೀಲಿ. ಮೊದಲು ವ್ಯಾಯಾಮ ಶಿಕ್ಷಕಿಯಾಗಿದ್ದವರು. ಎತ್ತರ ಐದಡಿಗೂ ಕಡಿಮೆ. ಮೊದಲ ಮೂವರಲ್ಲಿ ಅವರ ಹೆಸರಿಲ್ಲ.

"ಹೆಣ್ಣಾಗಿಯೂ ಓಡಿಸಿದರಲ್ಲ!" ಎಂದು ಮೆಚ್ಚುವವರುಂಟು. ಆ ಮೆಚ್ಚುಗೆ ನನಗೆ ಸಮ್ಮತವಲ್ಲ. ಅದರ ಒಡಲಲ್ಲಿ ಅನುಕಂಪವಿದೆ, ವಿವೇಚನೆಯಿಲ್ಲ. ಈ ಬಂಡಿಗೆ ಲಗಾಮಿಲ್ಲ. ಸಾರಥಿ ಹಿಂದೆ ನಿಂತು ಕೂಗಿದ ಮಾತನ್ನು ಮುಂದಾಳು ನಾಯಿ ತಿಳಿದು ಎಡಕ್ಕೋ ಬಲಕ್ಕೋ ಹೊರಳಬೇಕು. ಮೈಬಲ ಬೇಡವೆಂದಲ್ಲ, ಏರಿನಲ್ಲಿ ಬಂಡಿಯನ್ನು ತಳ್ಳುತ್ತ ಓಡಲೇಬೇಕು. ಆದರೆ ತಿಂಗಳುಗಟ್ಟಲೆ ಪಳಗಿಸಿ ಗಳಿಸಿದ ವಿಶ್ವಾಸವಿಲ್ಲದಿದ್ದರೆ ಎಂತಹ ಬಲಶಾಲಿಯ ಕೂಗೂ ಗಾಳಿಯ ಪಾಲು. ಇದು ಗುರುವಿನ ವಿದ್ಯೆ. ಸೀಲಿಯವರಿಗೆ ಅದು ಕರಗತವಾಗಿತ್ತು. ನ್ಯೂ ಹ್ಯಾಂಪ್‌ಶೈರ್‌ನ ವೊನಲ್ಯಾನ್ಸೆಟ್ ಗ್ರಾಮದಲ್ಲಿ ಪತಿ ಮಿಲ್ಟನ್‌ರೊಡನೆ ಅವರು ನಾಯಿಗಳನ್ನು ಸಾಕಿ ಪಳಗಿಸಿದರು. ಅಡ್ಮಿರಲ್ ಬರ್ಡ್‌ರ ದಕ್ಷಿಣ ಧ್ರುವ ಯಾತ್ರೆಗೂ ನಾಯಿಗಳನ್ನು ಸಿದ್ಧಗೊಳಿಸಿದರು.

ಇನ್ನು ಪದಕದ ಮಾತು. ಆಂಕರೇಜ್‌ನಿಂದ ನೋಮ್‌ವರೆಗೆ ಸಾವಿರ ಮೈಲಿ ಸಾಗುವ ಇಡಿಟರಾಡ್ ಓಟವನ್ನು 1974ರಲ್ಲಿ ಪೂರೈಸಿದ ಪ್ರಥಮ ಮಹಿಳೆ ಮೇರಿ ಶೀಲ್ಡ್ಸ್. ಅವರ ಸ್ಥಾನ 23. ಹನ್ನೊಂದು ವರ್ಷಗಳ ತರುವಾಯ, 1985ರಲ್ಲಿ, ಇತರರು ಬಿರುಗಾಳಿಗೆ ಹೆದರಿ ತಂಗಿದ್ದಾಗ ಮುನ್ನಡೆದು ಅದೇ ಓಟವನ್ನು ಗೆದ್ದವರು ಲಿಬ್ಬಿ ರಿಡಲ್ಸ್. ಗೆದ್ದವರನ್ನು ಜಗತ್ತು ತಾನಾಗಿ ನೆನೆಯುತ್ತದೆ. ಇಪ್ಪತ್ತಮೂರನೆಯವರನ್ನು ನೆನೆಯಲು ಮಾತ್ರ ಯಾರಾದರೂ ಬರೆದಿಡಬೇಕು.

ಇಂತಹ ಸ್ಮರಣ ಸಂಚಿಕೆಗಳಲ್ಲಿ ವಿಜೇತರ ಪಟ್ಟಿ ಅಚ್ಚಾಗುವುದು ಯುಕ್ತವೇ. ಅಧ್ಯಾಪಕ ಬಂಧುಗಳಲ್ಲಿಯೂ ಪಾರಿತೋಷಕ ನೀಡುವ ಮಹನೀಯರಲ್ಲಿಯೂ ನನ್ನ ಬಿನ್ನಹ ಇಷ್ಟೇ: ಆ ಪಟ್ಟಿಯ ಕೆಳಗೆ, ಗುರಿ ಮುಟ್ಟಿದ ಹೆಣ್ಣುಮಕ್ಕಳೆಲ್ಲರ ಹೆಸರುಗಳಿಗೂ ಸ್ಥಳವಿರಲಿ.