ಚೆನ್ನಾಗಿದೀನಿ ಅಂದ ಮಾತ್ರಕ್ಕೆ...

ಹೋದ ವಾರ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಆ ಫಾರ್ವರ್ಡು ಬಂತು. ನಿಮಗೂ ಬಂದಿರುತ್ತೆ. ಅಮೆರಿಕದಲ್ಲಿ ಸರ್ವೆ ಮಾಡಿದ್ದಾರಂತೆ. ಮದುವೆ, ಮಕ್ಕಳು, ಚರ್ಚು ಅಂತ ಇದ್ದುಕೊಂಡು ಸಂಪ್ರದಾಯದ ಕಡೆ ವೋಟು ಹಾಕುವ ಹೆಂಗಸರು ಸುಖವಾಗಿದ್ದಾರಂತೆ. ಒಂಟಿಯಾಗಿದ್ದು ಸಮಾನತೆ, ಹಕ್ಕು ಅಂತ ಓಡಾಡೋರು ದುಃಖದಲ್ಲಿದ್ದಾರಂತೆ. ಕೆಳಗೆ ದೊಡ್ಡಪ್ಪನ ಷರಾ: "ನಮ್ಮ ಹಿರಿಯರು ಸುಮ್ನೆ ಹೇಳಿದ್ರಾ?" ಅದಕ್ಕೆ ಹನ್ನೊಂದು ಜನರ ನಮಸ್ಕಾರ :)

ಸುಳ್ಳು ಅಂತ ತಳ್ಳಿಹಾಕೋ ಹಾಗಿಲ್ಲ, ಅದೇ ತಮಾಷೆ. ಅಲ್ಲಿನ ಪ್ಯೂ ಸಂಶೋಧನಾ ಕೇಂದ್ರ 2006ರಲ್ಲಿ ಕೇಳಿದಾಗ ರಿಪಬ್ಲಿಕನ್ನರಲ್ಲಿ ಶೇ. 45 ಮಂದಿ "ತುಂಬಾ ಸಂತೋಷವಾಗಿದ್ದೇವೆ" ಅಂದರು, ಡೆಮಾಕ್ರಾಟರಲ್ಲಿ ಶೇ. 30 ಮಾತ್ರ. (ಇದು ಗಂಡಸರು, ಹೆಂಗಸರು ಎಲ್ಲರನ್ನೂ ಸೇರಿಸಿದ ಲೆಕ್ಕ. ಫಾರ್ವರ್ಡು ಮಾಡೋರಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ.) ಮದುವೆಯಾದವರು ಆಗದವರಿಗಿಂತ, ತಪ್ಪದೆ ಚರ್ಚಿಗೆ ಹೋಗೋರು ಹೋಗದವರಿಗಿಂತ ಹೆಚ್ಚು ಖುಷಿಯಾಗಿದ್ದೇವೆ ಅಂತ ಹೇಳಿಕೊಳ್ಳೋದೂ ನಿಜ. ನನ್ನ ತಕರಾರು ಅಂಕಿಗಳ ಮೇಲೆ ಅಲ್ಲ, ಆ "ಹೇಳಿಕೊಳ್ಳೋದು" ಅನ್ನೋ ಪದದ ಮೇಲೆ.

ಇದರ ಜೊತೆಗೇ ಬರುವ ಇನ್ನೊಂದು ಮಾತಿದೆ, ಹೆಂಗಸರು ಕೆಲಸಕ್ಕೆ ಹೊರಟ ಮೇಲೆ ಅವರ ನೆಮ್ಮದಿ ಹೋಯ್ತು ಅಂತ. ಅದಕ್ಕೂ ಒಂದು ಆಧಾರ ಇದೆ. ಬೆಟ್ಸಿ ಸ್ಟೀವನ್ಸನ್, ಜಸ್ಟಿನ್ ವುಲ್ಫರ್ಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2009ರಲ್ಲಿ ಬರೆದ ಲೇಖನ. 1970ರ ದಶಕದಲ್ಲಿ ಅಮೆರಿಕದ ಹೆಂಗಸರು ಗಂಡಸರಿಗಿಂತ ತಾವು ಹೆಚ್ಚು ಸುಖಿಗಳು ಅನ್ನುತ್ತಿದ್ದರು, ಮೂರು ದಶಕದಲ್ಲಿ ಆ ಮುನ್ನಡೆ ಕರಗಿಹೋಯ್ತು ಅಂತ ಅವರು ತೋರಿಸಿದರು. ಆದರೆ ಅದೇ ಲೇಖನ ಇನ್ನೊಂದು ಮಾತನ್ನೂ ಹೇಳುತ್ತೆ. ಇಳಿದದ್ದು ಆಫೀಸಿಗೆ ಹೋಗುವವರ ಸುಖ ಮಾತ್ರ ಅಲ್ಲ, ಮನೆಯಲ್ಲೇ ಇದ್ದವರದ್ದೂ. ಮದುವೆಯಾದವರದ್ದೂ, ಆಗದವರದ್ದೂ. ಕಪ್ಪು ಜನಾಂಗದ ಹೆಂಗಸರದ್ದು ಮಾತ್ರ ಹಾಗೆ ಇಳಿಯಲಿಲ್ಲ. ಕೆಲಸಕ್ಕೆ ಹೋಗಿದ್ದೇ ಕಾರಣ ಆಗಿದ್ದರೆ ಮನೆಯಲ್ಲಿದ್ದವರದ್ದು ಯಾಕೆ ಇಳಿಯಬೇಕಿತ್ತು?

ಇನ್ನು ಪಕ್ಷದ ವಿಷಯ. 2008ರಲ್ಲಿ ನೇಪಿಯರ್ ಮತ್ತು ಜಾಸ್ಟ್ ಅನ್ನೋ ಮನಶ್ಶಾಸ್ತ್ರಜ್ಞರು ಹೇಳಿದ್ದು, ಈ ವ್ಯತ್ಯಾಸದ ಒಂದು ಭಾಗಕ್ಕೆ ಕಾರಣ ಜನ ಅಸಮಾನತೆಯನ್ನು "ಇರೋದೇ ಹೀಗೆ, ಇದೇ ಸರಿ" ಅಂತ ಒಪ್ಪಿಕೊಂಡಿರೋದು ಅಂತ. ಒಪ್ಪಿಕೊಂಡವನಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ, ಅದು ಸಹಜ. 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಮಜವಾಗಿದೆ. ಅವರು ಬರೀ ಪ್ರಶ್ನೆ ಕೇಳಿ ಬಿಡಲಿಲ್ಲ, ಅಮೆರಿಕದ ಸಂಸತ್ ಸದಸ್ಯರ ಫೋಟೋಗಳಲ್ಲಿ ನಗುವಾಗ ಕಣ್ಣಿನ ಸುತ್ತಲ ಸ್ನಾಯು ಎಷ್ಟು ಮಡಚುತ್ತೆ ಅಂತ ನೋಡಿದರು! ಸುಖ ಅಂತ ಹೆಚ್ಚು ಹೇಳಿಕೊಂಡವರು ಸಂಪ್ರದಾಯವಾದಿಗಳು, ಫೋಟೋದಲ್ಲಿ ಮನಸಾರೆ ನಕ್ಕವರು ಉದಾರವಾದಿಗಳು. ಫೋಟೋದ ನಗುವನ್ನೂ ನಾನು ಪೂರ್ತಿ ನಂಬಲ್ಲ ಬಿಡಿ, ನಮ್ಮ ಮದುವೆ ಆಲ್ಬಮ್ಮುಗಳನ್ನು ನೋಡಿದವಳು ನಾನು. ಆದರೆ ಹೇಳೋದು ಬೇರೆ, ಇರೋದು ಬೇರೆ ಅನ್ನೋದಕ್ಕೆ ಅಷ್ಟು ಸಾಕು.

ಇದಕ್ಕೆಲ್ಲ ಅಮೆರಿಕಕ್ಕೇ ಹೋಗಬೇಕಿಲ್ಲ. ಅಮರ್ತ್ಯ ಸೇನ್ ಮತ್ತೆ ಮತ್ತೆ ಎತ್ತಿಕೊಂಡು ಬರೆದ ಒಂದು ಲೆಕ್ಕ ಇದೆ, ನನ್ನ ತಲೆಯಿಂದ ಅದು ಹೋಗೋದೇ ಇಲ್ಲ. ಬಂಗಾಳದ ಭೀಕರ ಬರ ಬಂದಿದ್ದು 1943ರಲ್ಲಿ. ಮಾರನೇ ವರ್ಷ ಕಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ಒಂದು ಆರೋಗ್ಯ ಸಮೀಕ್ಷೆ ನಡೆಯಿತು. ಹೆಂಡತಿ ಸತ್ತ ಗಂಡಸರನ್ನೂ ಗಂಡ ಸತ್ತ ಹೆಂಗಸರನ್ನೂ ನಿಮ್ಮ ಆರೋಗ್ಯ ಹೇಗಿದೆ ಅಂತ ಕೇಳಿದರು. ಕಾಯಿಲೆ ಇದೆ ಅಥವಾ ಅಷ್ಟಕ್ಕಷ್ಟೇ ಅಂದ ಗಂಡಸರು ಶೇ. 48.5. ಹಾಗೆ ಹೇಳಿದ ವಿಧವೆಯರು ಶೇ. 2.5. "ಅಷ್ಟಕ್ಕಷ್ಟೇ" ಅನ್ನೋದನ್ನು ಮಾತ್ರ ಬಿಡಿಸಿ ನೋಡಿದರೆ ಗಂಡಸರು ಶೇ. 45.6, ವಿಧವೆಯರು ಸೊನ್ನೆ. ಒಬ್ಬಳೂ ಇಲ್ಲ! ಬರ ಮುಗಿದ ಮರುವರ್ಷ, ಬಂಗಾಳದ ವಿಧವೆಯರು, ಆ ಕಾಲದ ಉಪವಾಸ ಪಥ್ಯಗಳ ನಡುವೆ. ಇವರೇ ಊರಲ್ಲೆಲ್ಲ ಗಟ್ಟಿ ಜನ ಅಂತ ಅದನ್ನು ಓದೋಣವೇ? "ನನಗೆ ಹೀಗಾಗ್ತಿದೆ" ಅಂತ ಹೇಳೋದಕ್ಕೆ ಮೊದಲು "ನನ್ನದೂ ಒಂದು ಲೆಕ್ಕಕ್ಕೆ ಬರುತ್ತೆ" ಅಂತ ಅನ್ನಿಸಬೇಕು. ಅದೇ ಅವರಿಗೆ ಇರಲಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವೇ ಇದೆಯಲ್ಲ. "ನಂಗೇನು ಧಾಡಿ, ಗುಂಡುಕಲ್ಲು ಥರ ಇದೀನಿ." ನಮ್ಮ ಚಿಕ್ಕಮ್ಮನನ್ನು ಹೇಗಿದೀರಿ ಅಂತ ಕೇಳಿ, ಚಿಕ್ಕಪ್ಪನ ಬಿಪಿಯಿಂದ ಶುರುವಾಗಿ ಮೊಮ್ಮಗಳ ಪರೀಕ್ಷೆವರೆಗೂ ಬರುತ್ತೆ, ಅವರ ಮಂಡಿನೋವು ಬರೋದೇ ಇಲ್ಲ. ಸರ್ವೆಯವನು ಕೇಳಿದರೆ "ತುಂಬಾ ಸುಖ" ಅನ್ನೋ ಕಡೆ ಟಿಕ್ ಬೀಳೋದು ಖಂಡಿತ. ಒಮ್ಮೆ ಪ್ರಶ್ನೆ ಬದಲಾಯಿಸಿ ನೋಡಿದೆ: "ಹೋದ ಸಲ ಜ್ವರ ಬಂದಾಗ ಅಡುಗೆ ಯಾರು ಮಾಡಿದ್ರು ಚಿಕ್ಕಮ್ಮಾ?" "ಜ್ವರ ಬಂದಿದ್ದು ರಾತ್ರಿ ಕಣೇ, ಬೆಳಗಾಗೋ ಹೊತ್ತಿಗೆ ಇಳಿದಿತ್ತು" ಅಂದರು.

ನಮ್ಮ ರಾಜ್ಯದ ಕಥೆ ಇನ್ನೂ ಕಷ್ಟದ್ದು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣ ಕೊಟ್ಟು ಕೇಳಿದ್ದರು: ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ... ಗಂಡ ಹೊಡೆಯೋದು ಸರಿಯೇ ಅಂತ. ಒಂದಾದರೂ ಕಾರಣಕ್ಕೆ ಸರಿ ಅಂದ ಕರ್ನಾಟಕದ ಹೆಂಗಸರು ಶೇ. 76.9. ಕೇರಳವೋ ಬಿಹಾರವೋ ಅಂತ ಬೇರೆ ಕಡೆ ಬೆರಳು ತೋರಿಸುವ ಮುಂಚೆ ಈ ಅಂಕಿಯನ್ನು ಇನ್ನೊಮ್ಮೆ ಓದಿ. ಇದೇ ಹೆಂಗಸರನ್ನು "ಸಂಸಾರ ಹೇಗಿದೆ?" ಅಂತ ಕೇಳಿದರೆ ಎಷ್ಟು ಜನ ಚೆನ್ನಾಗಿದೆ ಅನ್ನಲಿಕ್ಕಿಲ್ಲ? ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಅವರ ಅಳತೆಗೋಲೇ ಅದು. ಹೊಡೆತ ಲೆಕ್ಕಕ್ಕೇ ಬರದಿದ್ದರೆ ಚೆನ್ನಾಗಿಯೇ ಇರುತ್ತೆ.

ಹಾಗಂತ ನಮ್ಮ ಕಡೆಯವರು, ಅಂದರೆ ಸಮಾನತೆಯ ಮಾತಾಡೋರು, ಮನೆಯಲ್ಲಿರೋ ಹೆಂಗಸರನ್ನೆಲ್ಲ ಪಾಪ ತಲೆ ಕೆಟ್ಟವರು ಅನ್ನೋ ಹಾಗೆ ನೋಡೋದು ನನಗೆ ಹಿಡಿಸಲ್ಲ. ನನ್ನ ಗೆಳತಿಯೊಬ್ಬಳು ಒಳ್ಳೇ ಕೆಲಸ ಬಿಟ್ಟು ಮೈಸೂರಿನಲ್ಲಿ ಮನೆ, ಮಗು ಅಂತ ಇದ್ದಾಳೆ, ದಿನಾ ದೇವರ ಪೂಜೆ, ರಾಜಕೀಯದಲ್ಲಿ ನನಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಸುಖವಾಗಿದೀನಿ ಅಂದರೆ ನಾನು ನಂಬ್ತೀನಿ. ಯಾಕೆಂದರೆ ಬೇಜಾರಾದ ದಿನ "ಇವತ್ತು ನಂಗೆ ಬೇಜಾರು, ಹೋಟ್ಲಿಂದ ತನ್ನಿ" ಅಂತ ಗಂಡನಿಗೆ ಹೇಳೋದನ್ನೂ ನಾನು ಕೇಳಿದೀನಿ. ಬೇಜಾರು ಅಂತ ಹೇಳಬಲ್ಲವಳು ಸುಖ ಅಂದಾಗ ಅದಕ್ಕೆ ತೂಕ ಇರುತ್ತೆ.

ದೊಡ್ಡಮ್ಮ, ಚಿಕ್ಕಮ್ಮ, ಅಮ್ಮ ಇರೋ ಮನೆಗಳೇ ನಮ್ಮದೆಲ್ಲ. ಸುಖವಾಗಿದೀರಾ ಅಂತ ಕೇಳೋದು ಬಿಟ್ಟು ಬೇರೆ ಏನಾದರೂ ಕೇಳಿ ನೋಡಿದ್ದೀರಾ? ಏನು ಕೇಳಿದಿರಿ, ಏನಂದರು ಅಂತ ಬರೀರಿ.